ಕೆಲಸ ಮುಗಿಯಿತು, ಕೂಲಿ ಎಲ್ಲಿ?

ಕೆಲವು ವರ್ಷಗಳ ಹಿಂದಿನ ಮಾತು. ಮದುವೆಯೊಂದಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆದು ಹೊರಬರುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಎದುರಾದರು. ಕುಶಲ ವಿಚಾರಿಸಿದ ಬಳಿಕ ಸ್ವಲ್ಪ ಸಂಕೋಚದಿಂದಲೇ ಕೇಳಿದರು: "ಉಸ್ತಾದರೇ, ನಿಮ್ಮ ಶಾಲೆಯ ಆ ಪುಸ್ತಕದ ಕೆಲಸ ಇನ್ನೂ ಮುಗಿಯಲಿಲ್ಲವೇ?"

"ಮುಗಿಯಿತಲ್ಲ! ಬಿಡುಗಡೆಯಾಗಿಯೇ ನಾಲ್ಕು ತಿಂಗಳಾಯಿತು" ಎಂದೆ.

"ಹೌದಾ? ಮಗಳಿಗೆ ಹಣ ಬಂದಿರಲಿಲ್ಲ. ಹಾಗಾಗಿ ಕೆಲಸ ಬಾಕಿ ಇದೆಯೇನೋ ಅಂದುಕೊಂಡೆ."

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಕೆಲಸ ಮುಗಿದರೆ ಹಣ ಬರುತ್ತದೆ, ಹಣ ಬಂದಿಲ್ಲವೆಂದರೆ ಕೆಲಸ ಮುಗಿದಿಲ್ಲ ಎಂಬ ಸರಳ ಲೆಕ್ಕ ಅವರದು. ಆದರೆ ನನಗೆ ಮುಖ ಎತ್ತಿ ನಿಲ್ಲಲು ಆಗಲಿಲ್ಲ. ಏಕೆಂದರೆ ಆ ಸ್ಮರಣ ಸಂಚಿಕೆಯ ಸಮಿತಿಯಲ್ಲಿ ನಾನೂ ಒಬ್ಬ. ಆಕೆಗೆ ಫೋನ್ ಮಾಡಿ ಕೆಲಸ ಒಪ್ಪಿಸಿದವನೂ ನಾನೇ.

ಮನೆಗೆ ಬಂದು ಲೆಕ್ಕದ ಪುಸ್ತಕ ತೆರೆಸಿ ನೋಡಿದೆವು. ಶಾಮಿಯಾನದವನಿಗೆ ಅದೇ ರಾತ್ರಿ ಹಣ ಸಂದಿತ್ತು. ಮೈಕ್ ಸೆಟ್‌ನವನಿಗೆ, ಬಿರಿಯಾನಿ ಮಾಡಿದ ಬಂಡಾರಿಗೆ, ಮುದ್ರಣಾಲಯಕ್ಕೆ ಎಲ್ಲರಿಗೂ ಸಂದಿತ್ತು. ಮನೆಯ ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಇಡೀ ಸಂಚಿಕೆಯನ್ನು ಅಕ್ಷರ ಜೋಡಿಸಿ, ಪುಟ ವಿನ್ಯಾಸ ಮಾಡಿಕೊಟ್ಟ ಹುಡುಗಿಯ ಹೆಸರು ಮಾತ್ರ ಆ ಪುಸ್ತಕದಲ್ಲೇ ಇರಲಿಲ್ಲ. ಅಧ್ಯಕ್ಷರು ಕಾರ್ಯದರ್ಶಿ ಕೊಟ್ಟಿರಬಹುದು ಎಂದುಕೊಂಡಿದ್ದರು. ಕಾರ್ಯದರ್ಶಿ ಖಜಾಂಚಿಯವರ ಮೇಲೆ ಬಿಟ್ಟಿದ್ದರು. ಖಜಾಂಚಿಯವರು, "ಎಷ್ಟು ಎಂದು ಯಾರೂ ನನಗೆ ಹೇಳಲೇ ಇಲ್ಲವಲ್ಲ" ಎಂದರು. ಅದೂ ನಿಜವೇ. ಎಷ್ಟು ಎಂದು ನಾವು ಆಕೆಗೂ ಹೇಳಿರಲಿಲ್ಲ. "ಮೊದಲು ಮಾಡಮ್ಮ, ಆಮೇಲೆ ನೋಡಿ ಕೊಡೋಣ" ಎಂದಿದ್ದೆವು, ಅಷ್ಟೇ.

ಪ್ರಿಯ ಓದುಗರೇ, ನಮ್ಮಲ್ಲಿ ಯಾರೂ ಮೋಸಗಾರರಾಗಿರಲಿಲ್ಲ. ಆದರೂ ಅನ್ಯಾಯ ನಡೆದುಹೋಯಿತು. ಅದು ಹೇಗೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಹೆಸರಿನಲ್ಲೇ ಅಡಗಿದ ಅಸಡ್ಡೆ

ಒಂದು ಸಂಸ್ಥೆಯ ಸಂಬಳದ ನೌಕರನಾಗದೆ, ಹಲವರಿಂದ ಬಿಡಿ ಕೆಲಸಗಳನ್ನು ಒಪ್ಪಿಕೊಂಡು ಮಾಡಿಕೊಡುವವರನ್ನು ಫ್ರೀಲ್ಯಾನ್ಸರ್ ಎನ್ನುತ್ತಾರೆ. ಈ ಪದವನ್ನು ಜನಪ್ರಿಯಗೊಳಿಸಿದ್ದು ವಾಲ್ಟರ್ ಸ್ಕಾಟ್. 1819ರ ಕೊನೆಯಲ್ಲಿ ಪ್ರಕಟವಾದ 'ಐವನ್‌ಹೋ' ಕಾದಂಬರಿಯಲ್ಲಿ, ಯಾವ ಒಡೆಯನಿಗೂ ಕಟ್ಟುಬೀಳದೆ ಹಣ ಕೊಟ್ಟವನ ಪರವಾಗಿ ಈಟಿ ಹಿಡಿಯುವ ಯೋಧರನ್ನು ಆತ ಹಾಗೆ ಕರೆದಿದ್ದ. ಅಲ್ಲಿ 'ಫ್ರೀ' ಎಂದರೆ ಸ್ವತಂತ್ರ, ಪುಕ್ಕಟೆ ಅಲ್ಲ!

ನಮ್ಮ ಕನ್ನಡದಲ್ಲಿ ಅದಕ್ಕೆ ಬಳಕೆಯಾದ ಪದ ಯಾವುದು ಗೊತ್ತೇ? 'ಹವ್ಯಾಸಿ'. ಸಂಬಳವಿಲ್ಲದೆ ಪತ್ರಿಕೆಗಳಿಗೆ ಬರೆಯುವವನು 'ಹವ್ಯಾಸಿ ಪತ್ರಕರ್ತ'. ಹವ್ಯಾಸ ಎಂದರೆ ಬಿಡುವಿನ ವೇಳೆಯ ಸಂತೋಷ. ಸಂತೋಷಕ್ಕಾಗಿ ಮಾಡಿದ ಕೆಲಸಕ್ಕೆ ಹಣ ಏಕೆ ಎಂಬ ಭಾವನೆ ನಮಗೆ ಅರಿವಿಲ್ಲದೆಯೇ ಒಳಗೆ ಕುಳಿತುಬಿಟ್ಟಿದೆ. ಮನೆಯಲ್ಲಿ ಕುಳಿತು ಮಾಡುವವರು ಹೆಣ್ಣುಮಕ್ಕಳಾದರಂತೂ ಮುಗಿಯಿತು. "ಹೇಗೂ ಮನೆಯಲ್ಲೇ ಇದ್ದಾಳಲ್ಲ, ಸ್ವಲ್ಪ ಮಾಡಿಕೊಡಲಿ" ಎನ್ನುತ್ತೇವೆ.

ಇಂಥವರು ಯಾರು? ಮನೆಯಲ್ಲಿ ಕುಳಿತು ಅನುವಾದ ಮಾಡುವವರು, ಕರಡು ತಿದ್ದುವವರು, ಲೆಕ್ಕಪತ್ರ ಬರೆದುಕೊಡುವವರು, ಆಮಂತ್ರಣ ಪತ್ರ ವಿನ್ಯಾಸ ಮಾಡುವವರು, ವೆಬ್‌ಸೈಟ್ ಮಾಡುವವರು, ಮದುವೆಯ ಫೋಟೋ ತೆಗೆಯುವವರು, ಟ್ಯೂಷನ್ ಹೇಳುವವರು. ನಮ್ಮ ಬೀದಿಯ ದರ್ಜಿಯೂ ಪೈಂಟರನೂ ಎಲೆಕ್ಟ್ರಿಷಿಯನ್ನನೂ ಒಂದರ್ಥದಲ್ಲಿ ಇದೇ ಸಾಲಿನವರು. ಆ್ಯಪ್‌ಗಳ ಮೂಲಕ ಸವಾರಿ, ಡೆಲಿವರಿ ಮಾಡುವವರನ್ನೂ ಸೇರಿಸಿ, ಕಾಯಂ ನೌಕರಿಯ ಚೌಕಟ್ಟಿನ ಹೊರಗೆ ಹೀಗೆ ದುಡಿಯುವವರು ದೇಶದಲ್ಲಿ 2020-21ರಲ್ಲಿ 77 ಲಕ್ಷದಷ್ಟಿದ್ದರು, 2029-30ರ ವೇಳೆಗೆ 2.35 ಕೋಟಿಯಾಗಬಹುದು ಎಂದು ನೀತಿ ಆಯೋಗ 2022ರ ವರದಿಯಲ್ಲಿ ಅಂದಾಜಿಸಿದೆ. ನಿಮ್ಮ ಮಗನೋ ಮಗಳೋ ನಾಳೆ ಅವರಲ್ಲಿ ಒಬ್ಬರಾಗಬಹುದು.

ಸಮಯವನ್ನು ಕೊಂಡಿರೋ, ಕೆಲಸವನ್ನೋ?

ಮದರಸದಲ್ಲಿ ಫಿಕ್ಹ್ ಓದುವಾಗ ಬಾಡಿಗೆ ಮತ್ತು ಕೂಲಿಯ ಅಧ್ಯಾಯದಲ್ಲಿ ಎರಡು ಬಗೆಯ ಕೆಲಸಗಾರರ ಬಗ್ಗೆ ಕಲಿತಿದ್ದೆ. ಒಬ್ಬ 'ಅಜೀರ್ ಖಾಸ್'. ಇಂತಿಷ್ಟು ಕಾಲ ಒಬ್ಬರಿಗಾಗಿಯೇ ದುಡಿಯುವವನು. ಇನ್ನೊಬ್ಬ 'ಅಜೀರ್ ಮುಶ್ತರಕ್'. ದರ್ಜಿಯಂತೆ, ಬಟ್ಟೆ ಒಗೆಯುವವನಂತೆ ಹಲವರ ಕೆಲಸವನ್ನು ಒಪ್ಪಿಕೊಳ್ಳುವವನು. ಮೊದಲನೆಯವನಿಗೆ ಕೂಲಿ ಸಮಯಕ್ಕೆ, ಎರಡನೆಯವನಿಗೆ ಕೆಲಸಕ್ಕೆ. ಕೂಲಿ ಎಷ್ಟೆಂದು ಮೊದಲೇ ತಿಳಿದಿರಬೇಕು, ತಿಳಿಯದಿದ್ದರೆ ಒಪ್ಪಂದವೇ ಸರಿಯಲ್ಲ ಎಂದೂ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. "ಆಮೇಲೆ ನೋಡಿ ಕೊಡೋಣ" ಎನ್ನುವಾಗ ಮಾತ್ರ ಅದು ನೆನಪಾಗಲಿಲ್ಲ!

ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ. ಫ್ರೀಲ್ಯಾನ್ಸರ್‌ನಿಂದ ನೀವು ಕೊಂಡಿರುವುದು ಕೆಲಸವನ್ನು, ಆತನ ದಿನವನ್ನಲ್ಲ. ಇಂಥ ದಿನ ಕೆಲಸ ಕೈಸೇರಬೇಕು ಎಂದು ಕೇಳುವ ಹಕ್ಕು ನಿಮಗಿದೆ. "ಬೆಳಿಗ್ಗೆಯಿಂದ ಎಲ್ಲಿದ್ದೆ? ಫೋನ್ ಏಕೆ ಎತ್ತಲಿಲ್ಲ?" ಎಂದು ಕೇಳುವ ಹಕ್ಕಿಲ್ಲ. ಆತ ಆ ಹೊತ್ತಿನಲ್ಲಿ ಇನ್ನೊಬ್ಬರ ಕೆಲಸ ಮಾಡುತ್ತಿರಬಹುದು. ನಿಮಗೆ ಇಡೀ ದಿನ ಎದುರಿಗೆ ಕುಳಿತು ದುಡಿಯುವವರೇ ಬೇಕೆಂದಾದರೆ ನೌಕರರನ್ನು ನೇಮಿಸಿ, ಸಂಬಳ ರಜೆ ಎಲ್ಲ ಕೊಡಿ.

ಯಾರನ್ನು ಆರಿಸಬೇಕು?

"ನನ್ನ ಭಾವನ ಮಗ ಕಂಪ್ಯೂಟರ್ ಕಲಿತಿದ್ದಾನೆ, ಅವನಿಗೇ ಕೊಡೋಣ" ಎಂಬಲ್ಲಿಂದ ನಮ್ಮ ಆಯ್ಕೆ ಶುರುವಾಗುತ್ತದೆ. ಭಾವನ ಮಗನಿಗೆ ಕೊಡಬಾರದೆಂದಲ್ಲ. ಆದರೆ ಆತ ಹಿಂದೆ ಮಾಡಿದ ಇಂಥದೇ ಕೆಲಸವನ್ನು ನೋಡಿ ಕೊಡಿ. ಆಮಂತ್ರಣ ಪತ್ರ ಚೆನ್ನಾಗಿ ಮಾಡುವವನು ನೂರು ಪುಟದ ಪುಸ್ತಕವನ್ನೂ ಚೆನ್ನಾಗಿ ಮಾಡುತ್ತಾನೆಂದು ಹೇಳಲಾಗದು. ಆತ ಕೆಲಸ ಮಾಡಿಕೊಟ್ಟ ಒಬ್ಬಿಬ್ಬರೊಡನೆ ಮಾತನಾಡಿ. "ಚೆನ್ನಾಗಿ ಮಾಡಿದನೇ?" ಎಂದಷ್ಟೇ ಕೇಳಬೇಡಿ. "ಹೇಳಿದ ದಿನ ಕೊಟ್ಟನೇ? ತಪ್ಪು ತೋರಿಸಿದಾಗ ತಿದ್ದಿಕೊಟ್ಟನೇ?" ಎಂದು ಕೇಳಿ.

ಕೆಲಸ ದೊಡ್ಡದಾದರೆ ಮೊದಲು ಒಂದು ಸಣ್ಣ ಭಾಗ ಕೊಟ್ಟು ನೋಡಿ. ಪುಸ್ತಕದ ಅನುವಾದವಾದರೆ ನಾಲ್ಕು ಪುಟ, ಮನೆಗೆ ಬಣ್ಣವಾದರೆ ಒಂದು ಕೋಣೆ. ಆದರೆ ಆ ನಾಲ್ಕು ಪುಟಗಳಿಗೂ ಹಣ ಕೊಡಿ. 'ಮಾದರಿ' ಎಂಬ ಹೆಸರಿನಲ್ಲಿ ಐದು ಜನರಿಂದ ಪುಕ್ಕಟೆ ಕೆಲಸ ಮಾಡಿಸಿ, ಅದರಿಂದಲೇ ಕೆಲಸ ಪೂರೈಸಿಕೊಳ್ಳುವ ಜಾಣರೂ ಇದ್ದಾರೆ. ಅದು ಜಾಣತನವಲ್ಲ, ಕಳ್ಳತನ.

ಇನ್ನು ದರ. ತೀರಾ ಕಡಿಮೆ ಹೇಳಿದವರಿಗೇ ಕೊಡುವುದು ನಮ್ಮ ಸಮಿತಿಗಳ ರೂಢಿ. "ಒಂದು ದಿನದ ಕೆಲಸಕ್ಕೆ ಸಾವಿರ ರೂಪಾಯಿಯೇ?" ಎಂದು ಹುಬ್ಬೇರಿಸುತ್ತೇವೆ. ಉದಾಹರಣೆಗೆ ಲೆಕ್ಕ ಹಾಕಿ ನೋಡಿ. ಆಕೆಗೆ ತಿಂಗಳಲ್ಲಿ 12 ದಿನದ ಕೆಲಸ ಸಿಕ್ಕಿದರೆ 12 ಸಾವಿರ. ಅದರಲ್ಲೇ ಕರೆಂಟು, ಇಂಟರ್‌ನೆಟ್, ಕಂಪ್ಯೂಟರ್ ರಿಪೇರಿ. ಕೆಲಸ ಹುಡುಕಿದ ದಿನಗಳಿಗೆ, ಜ್ವರ ಬಂದು ಮಲಗಿದ ದಿನಗಳಿಗೆ ಹಣವಿಲ್ಲ. ಪಿ.ಎಫ್. ಇಲ್ಲ, ಹಬ್ಬಕ್ಕೆ ಬೋನಸ್ ಇಲ್ಲ. ನೌಕರನ ಸಂಬಳವನ್ನು 30ರಿಂದ ಭಾಗಿಸಿ ಅವರ ದಿನದ ದರಕ್ಕೆ ಹೋಲಿಸುವುದು ನ್ಯಾಯವೇ, ನೀವೇ ಹೇಳಿ.

ಒಂದು ಹಾಳೆಯಲ್ಲಿ ಬರೆದಿಡಿ

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಕಲಿಸಿದೆ. ಅದನ್ನು ನಿಕಾಹ್‌ನಲ್ಲಿ, ಜಮೀನಿನ ವ್ಯವಹಾರದಲ್ಲಿ ಪಾಲಿಸುವ ನಾವು ಸಣ್ಣ ಕೆಲಸಗಳಲ್ಲಿ "ನಮ್ಮನಮ್ಮೊಳಗೆ ಬರೆಯುವುದೇನು?" ಎಂದು ನಾಚಿಕೊಳ್ಳುತ್ತೇವೆ. ಬಾಯಿ ಮಾತಿನ ಒಪ್ಪಂದಕ್ಕೂ 1872ರ ಭಾರತೀಯ ಕರಾರು ಕಾಯ್ದೆಯಡಿ ಬೆಲೆ ಇದೆ, ನಿಜ. ಆದರೆ ನಾಲ್ಕು ತಿಂಗಳ ಬಳಿಕ ಯಾರ ಬಾಯಿ ಏನು ಹೇಳಿತ್ತು ಎಂದು ಸಾಬೀತು ಮಾಡುವವರು ಯಾರು?

ಛಾಪಾ ಕಾಗದ ಬೇಡ, ವಕೀಲರೂ ಬೇಡ. ಒಂದು ಹಾಳೆ ಅಥವಾ ಒಂದು ವಾಟ್ಸಾಪ್ ಸಂದೇಶ ಸಾಕು. ಅದರಲ್ಲಿ ಇಷ್ಟಿರಲಿ:

1. ಕೆಲಸ ಏನು, ಎಷ್ಟು. 'ಸ್ಮರಣ ಸಂಚಿಕೆಯ ಕೆಲಸ' ಎಂದರೆ ಸಾಲದು. 96 ಪುಟ, ಅಕ್ಷರ ಜೋಡಣೆ ಮತ್ತು ಪುಟ ವಿನ್ಯಾಸ, ಮುಖಪುಟ ಸೇರಿಲ್ಲ ಎಂದು ಬರೆಯಿರಿ.

2. ನಾವು ಲೇಖನ, ಫೋಟೋಗಳನ್ನು ಎಂದು ಕೊಡುತ್ತೇವೆ, ಅವರು ಕೆಲಸವನ್ನು ಎಂದು ಒಪ್ಪಿಸುತ್ತಾರೆ. ನಮ್ಮದು ತಡವಾದರೆ ಅವರದೂ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ.

3. ತಿದ್ದುಪಡಿ ಎಷ್ಟು ಬಾರಿ. ಎರಡು ಸಲ ದರದಲ್ಲೇ ಸೇರಿದೆ, ಆಮೇಲಿನದಕ್ಕೆ ಬೇರೆ ಹಣ ಎನ್ನುವುದು ಒಳ್ಳೆಯ ಕ್ರಮ.

4. ಒಟ್ಟು ಹಣ ಎಷ್ಟು, ಮುಂಗಡ ಎಷ್ಟು, ಉಳಿದದ್ದು ಎಂದು, ಕೊಡುವವರು ಯಾರು.

5. ಕೆಲಸ ಹೆಚ್ಚಾದರೆ ಪುಟಕ್ಕೆ ಎಷ್ಟು. ಅರ್ಧಕ್ಕೆ ನಿಂತರೆ ಎಷ್ಟು.

6. ಕೆಲಸದ ಹಕ್ಕು ಯಾರದು.

ಈ ಆರನೆಯದರ ಬಗ್ಗೆ ಹೆಚ್ಚಿನವರಿಗೆ ತಿಳಿದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದ್ದು. ಫ್ರೀಲ್ಯಾನ್ಸರ್ ಬರೆದ ಲೇಖನ ಅಥವಾ ಅನುವಾದದ ಹಕ್ಕು ನೀವು ಹಣ ಕೊಟ್ಟ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಅವರು ಬರಹದಲ್ಲಿ ವರ್ಗಾಯಿಸಿ ಸಹಿ ಹಾಕಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ಹಣ ಕೊಟ್ಟು ತೆಗೆಸಿದ ಫೋಟೋಗಳಿಗೆ ನಿಯಮ ಬೇರೆ. ಬೇರೆ ಮಾತಾಗಿರದಿದ್ದರೆ ಅದರ ಹಕ್ಕು ತೆಗೆಸಿದವರದ್ದು. ಪುಸ್ತಕವನ್ನು ಮರುಮುದ್ರಿಸುವ ಯೋಚನೆ ಇದ್ದರೆ ಇದನ್ನು ಮೊದಲೇ ಬಗೆಹರಿಸಿಕೊಳ್ಳಿ. ಅನುವಾದಕರ ಹೆಸರನ್ನು ಪುಸ್ತಕದಲ್ಲಿ ಹಾಕುವುದಕ್ಕಂತೂ ಯಾವ ಖರ್ಚೂ ಇಲ್ಲವಲ್ಲ!

ಕೆಲಸ ನಡೆಯುವಾಗ

ನಮ್ಮ ಸಂಚಿಕೆ 96 ಪುಟ ಎಂದು ಶುರುವಾಗಿ 136ಕ್ಕೆ ಹೋಗಿ ನಿಂತಿತು. ಪ್ರತಿ ಸಲವೂ "ಇದೊಂದು ಸೇರಿಸಮ್ಮ" ಎಂದೆವು. ಸಮಿತಿಯ ಎಂಟು ಜನರಲ್ಲಿ ಐದು ಮಂದಿ ಆಕೆಗೆ ನೇರವಾಗಿ ಫೋನ್ ಮಾಡುತ್ತಿದ್ದರು. ಒಬ್ಬರು ಅಧ್ಯಕ್ಷರ ಫೋಟೋ ದೊಡ್ಡದಾಗಲಿ ಎಂದರೆ ಇನ್ನೊಬ್ಬರು ಚಿಕ್ಕದಾಗಲಿ ಎನ್ನುತ್ತಿದ್ದರು. ಮುದ್ರಣಕ್ಕೆ ಕಳುಹಿಸುವ ಹಿಂದಿನ ರಾತ್ರಿ ಹತ್ತೂವರೆಗೆ ದಾನಿಗಳ ಪಟ್ಟಿಯನ್ನು ಬದಲಾಯಿಸಿದೆವು. ಒಂದು ಹೆಸರು ನಡುವೆ ಸೇರಿದರೆ ಮುಂದಿನ ಪುಟಗಳೆಲ್ಲ ಜರುಗುತ್ತವೆ, ಎಲ್ಲವನ್ನೂ ಮತ್ತೆ ಕೂರಿಸಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ಆಕೆ ಹೇಳಲೂ ಇಲ್ಲ. ಉಸ್ತಾದರಿಗೆ ಇಲ್ಲವೆನ್ನುವುದು ಹೇಗೆ?

ಆ ಅನುಭವದಿಂದ ಕಲಿತ ಕೆಲವು ಮಾತುಗಳು. ಸಮಿತಿಯಲ್ಲಿ ಎಷ್ಟೇ ಜನರಿರಲಿ, ಕೆಲಸ ಮಾಡುವವರೊಡನೆ ಮಾತನಾಡುವವರು ಒಬ್ಬರೇ ಇರಬೇಕು. ಉಳಿದವರ ಸಲಹೆಗಳು ಆ ಒಬ್ಬರಿಗೆ ಬಂದು, ಅಲ್ಲಿ ಇತ್ಯರ್ಥವಾಗಿ, ಒಂದೇ ಸಲ ಹೋಗಬೇಕು. ತಿದ್ದುಪಡಿಯನ್ನು ಫೋನಿನಲ್ಲಿ ಹೇಳದೆ ಕರಡಿನ ಮೇಲೆ ಬರೆದು ಕಳುಹಿಸಿ. ಎಲ್ಲ ಲೇಖನಗಳೂ ಕೈಸೇರಿದ ಬಳಿಕವೇ ಪುಟ ಕಟ್ಟಲು ಹೇಳಿ. ಪುಟಗಳ ಸಂಖ್ಯೆ 4ರ, ಸಾಧ್ಯವಾದರೆ 8ರ ಗುಣಕದಲ್ಲಿದ್ದರೆ ಮುದ್ರಣಕ್ಕೆ ಅನುಕೂಲ. ಅದನ್ನೂ ಮೊದಲೇ ಲೆಕ್ಕ ಹಾಕಿ.

ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಹಾಗೆಯೇ ಕಳುಹಿಸಿದರೆ ಅವು ಕುಗ್ಗಿ ಹೋಗಿ ಮುದ್ರಣದಲ್ಲಿ ಮಸುಕಾಗುತ್ತವೆ. 'ಡಾಕ್ಯುಮೆಂಟ್' ಆಗಿ ಅಥವಾ ಇ-ಮೇಲ್‌ನಲ್ಲಿ ಕಳುಹಿಸಿ. ಹಾಗೆಯೇ ಕನ್ನಡ ಬರಹ ಯೂನಿಕೋಡ್‌ನಲ್ಲಿದೆಯೇ, ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿದೆಯೇ ಎಂದು ಮೊದಲೇ ಹೇಳಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರಗಳು ಕೆಡುವುದುಂಟು. ಅದನ್ನು ಕೂತು ತಿದ್ದುವುದೂ ಕೆಲಸವೇ.

ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಫೋನ್ ಮಾಡುವ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ಅವರಿಗೂ ಮಕ್ಕಳಿದ್ದಾರೆ, ಒಲೆಯ ಮೇಲೆ ಅನ್ನವಿದೆ, ನಮಾಝಿನ ಹೊತ್ತಿದೆ. ರಾತ್ರಿ ಹತ್ತೂವರೆಯ ಫೋನ್ ಆ ಮನೆಯಲ್ಲಿ ಏನು ಮಾತುಗಳಿಗೆ ಕಾರಣವಾಗಬಹುದು ಎಂದು ನಾವು ಯೋಚಿಸುವುದೇ ಇಲ್ಲ.

ಹಣದ ಮಾತು

ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವು ವೇದಿಕೆಯ ಮೇಲೆ ಎಷ್ಟು ಸಲ ಹೇಳಿಲ್ಲ? ಕಂಪ್ಯೂಟರ್ ಮುಂದೆ ಕುಳಿತವರ ಹಣೆಯಲ್ಲಿ ಬೆವರು ಕಾಣುವುದಿಲ್ಲ. ಹಾಗಾಗಿ ಬೋಧನೆ ಅವರಿಗೆ ಅನ್ವಯಿಸುವುದಿಲ್ಲ ಎಂದುಕೊಂಡಿದ್ದೇವೋ ಏನೋ.

ಮೂರನೇ ಒಂದು ಭಾಗವನ್ನೋ ಅರ್ಧವನ್ನೋ ಮುಂಗಡವಾಗಿ ಕೊಡಿ. ಕೆಲಸ ದೊಡ್ಡದಾದರೆ ಹಂತಹಂತವಾಗಿ ಕೊಡಿ. ಆಗ ನಿಮಗೂ ಭಯವಿಲ್ಲ, ಅವರಿಗೂ ಭಯವಿಲ್ಲ. ಕೊನೆಯ ಕಂತನ್ನು ಕೆಲಸ ಒಪ್ಪಿಕೊಂಡ ದಿನವೇ ಕೊಟ್ಟುಬಿಡಿ. 2016ರಲ್ಲಿ ಯುಪಿಐ ಬಂದ ಮೇಲೆ "ಬ್ಯಾಂಕಿಗೆ ಹೋಗಲು ಪುರುಸೊತ್ತಾಗಲಿಲ್ಲ" ಎಂಬ ನೆವವೂ ಉಳಿದಿಲ್ಲ. "ಕಾರ್ಯಕ್ರಮಕ್ಕೆ ದೇಣಿಗೆ ಕಡಿಮೆ ಬಂತು, ನೀವೂ ಸ್ವಲ್ಪ ಕಡಿಮೆ ಮಾಡಿ" ಎಂದು ಕೊನೆಯಲ್ಲಿ ಹೇಳಬೇಡಿ. ದೇಣಿಗೆ ಕೊಡುವುದು ಬಿಡುವುದು ಅವರ ಇಷ್ಟ. ಮೊದಲು ಅವರ ಹಣ ಅವರ ಕೈಗೆ ಬರಲಿ. ಸಂಸ್ಥೆಯ ನಿಯಮದಂತೆ ಆದಾಯ ತೆರಿಗೆ ಕಡಿತ ಮಾಡುವುದಿದ್ದರೆ ಅದನ್ನೂ ಮೊದಲೇ ತಿಳಿಸಿ, ಕಡಿತದ ಪ್ರಮಾಣಪತ್ರವನ್ನು ತಪ್ಪದೆ ಕೊಡಿ.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 2006ರ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಬರಹದ ಒಪ್ಪಂದವಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ ತೆರಬೇಕಾಗುತ್ತದೆ. ಸೇವೆ ನೀಡುವ ಒಬ್ಬಂಟಿ ದುಡಿಮೆಗಾರರೂ 2020ರಲ್ಲಿ ಶುರುವಾದ 'ಉದ್ಯಮ್' ನೋಂದಣಿಯನ್ನು ಉಚಿತವಾಗಿ ಮಾಡಿಸಿಕೊಂಡು ಈ ರಕ್ಷಣೆ ಪಡೆಯಬಹುದು. ಬಡ್ಡಿಯಿಂದ ದೂರವಿರಬೇಕೆನ್ನುವ ನಾವು ಬಡ್ಡಿಯ ಮಾತು ಬರುವ ಮೊದಲೇ ಹಣ ಕೊಟ್ಟುಬಿಡುವುದು ಒಳ್ಳೆಯದಲ್ಲವೇ?

ಕೆಲಸ ಸರಿಯಾಗದಿದ್ದರೆ?

ತಪ್ಪು ಯಾವಾಗಲೂ ಕೆಲಸ ಕೊಟ್ಟವರದ್ದೇ ಎಂದು ನಾನು ಹೇಳುವುದಿಲ್ಲ. ಮುಂಗಡ ಪಡೆದು ಫೋನ್ ಎತ್ತದವರಿದ್ದಾರೆ. ಕೈತುಂಬ ಕೆಲಸವಿದ್ದರೂ ಇನ್ನೊಂದನ್ನು ಒಪ್ಪಿಕೊಂಡು ಎಲ್ಲವನ್ನೂ ಕೆಡಿಸುವವರಿದ್ದಾರೆ. ಅನುವಾದವನ್ನು ಯಂತ್ರಕ್ಕೆ ಹಾಕಿ, ಓದಿಯೂ ನೋಡದೆ ಕಳುಹಿಸುವವರೂ ಈಗ ಸೇರಿಕೊಂಡಿದ್ದಾರೆ. ಅಂಥ ಸಂದರ್ಭದಲ್ಲಿ ಊರೆಲ್ಲ ಹೇಳಿಕೊಂಡು ಬರುವ ಬದಲು ಅವರಿಗೇ ಹೇಳಿ. "ಚೆನ್ನಾಗಿಲ್ಲ" ಎಂದರೆ ಏನೂ ತಿಳಿಯುವುದಿಲ್ಲ. "12ನೇ ಪುಟದಲ್ಲಿ ಎರಡು ವಾಕ್ಯ ಬಿಟ್ಟುಹೋಗಿದೆ" ಎಂದರೆ ತಿಳಿಯುತ್ತದೆ. ತಿದ್ದಲು ಒಂದು ಅವಕಾಶ ಕೊಡಿ. ಆಗಲೂ ಆಗದಿದ್ದರೆ ಆದಷ್ಟು ಕೆಲಸಕ್ಕೆ ಹಣ ಕೊಟ್ಟು ಗೌರವದಿಂದ ಬೀಳ್ಕೊಡಿ. ನಿಮ್ಮ ಕಾರ್ಯಕ್ರಮವೇ ರದ್ದಾದರೆ ಅದು ಅವರ ತಪ್ಪಲ್ಲ, ಮಾಡಿದ ಕೆಲಸದ ಹಣ ಅವರದ್ದೇ.

ಬಿಡಿ ಕೆಲಸ ಮಾಡುವ ತಮ್ಮಂದಿರಿಗೆ, ತಂಗಿಯಂದಿರಿಗೆ ಒಂದು ಮಾತು. ದರ ಹೇಳಲು ನಾಚಬೇಡಿ. ಕೇಳಿದವರು ಗುರುಗಳಾಗಲಿ, ನೆಂಟರಾಗಲಿ, ಕೆಲಸ ಶುರು ಮಾಡುವ ಮೊದಲೇ ಹೇಳಿಬಿಡಿ. ಪುಕ್ಕಟೆ ಮಾಡಿಕೊಡುವ ಮನಸ್ಸಿದ್ದರೆ ಅದನ್ನೂ ಸ್ಪಷ್ಟವಾಗಿ ಹೇಳಿ ಮಾಡಿ. ಒಪ್ಪಿದ ದಿನಕ್ಕೆ ಆಗುವುದಿಲ್ಲವೆಂದು ಕಂಡ ಕೂಡಲೇ ತಿಳಿಸಿ, ಕೊನೆಯ ದಿನದವರೆಗೆ ಕಾಯಬೇಡಿ. ಕೆಲಸ ಒಪ್ಪಿಸುವಾಗ ಜೊತೆಯಲ್ಲೇ ಒಂದು ಬಿಲ್ಲು ಕಳುಹಿಸಿ. ಬಿಲ್ಲು ಇದ್ದರೆ ಖಜಾಂಚಿಯವರಿಗೆ ಮರೆಯುವುದಕ್ಕೆ ಆಗುವುದಿಲ್ಲ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮದುವೆಯ ಮರುದಿನವೇ ನಾನೂ ಕಾರ್ಯದರ್ಶಿಯವರೂ ಅವರ ಮನೆಗೆ ಹೋದೆವು. ಪೇಟೆಯಲ್ಲಿ ಪುಟಕ್ಕೆ ಎಷ್ಟು ದರವಿದೆಯೆಂದು ಮೊದಲೇ ವಿಚಾರಿಸಿಕೊಂಡು, 136 ಪುಟಗಳ ಹಣವನ್ನು ಲೆಕ್ಕ ಮಾಡಿ ತಂದಿದ್ದೆವು. ತಡವಾದುದಕ್ಕೆ ಕ್ಷಮೆ ಕೇಳಿದೆ. "ಪರವಾಗಿಲ್ಲ ಉಸ್ತಾದ್" ಎಂದಳು. ಆಮೇಲೆ ತಾಯಿಯ ಬಾಯಿಂದ ತಿಳಿಯಿತು: ಕೆಟ್ಟುಹೋದ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಿದ್ದಳು, ಬಿಡಿಸಿಕೊಳ್ಳಲು ನಮ್ಮ ಹಣವನ್ನೇ ನಂಬಿದ್ದಳು. ಅದು ಅಂಗಡಿಯಲ್ಲೇ ಉಳಿದ ಎರಡು ತಿಂಗಳಲ್ಲಿ ಬಂದ ಬೇರೆ ಕೆಲಸಗಳೂ ಕೈತಪ್ಪಿದ್ದವು. ನಾವು ತಂದ ಹಣದಲ್ಲಿ ಆ ಎರಡು ತಿಂಗಳ ಲೆಕ್ಕ ಇರಲಿಲ್ಲ.

ಮುಂದಿನ ವರ್ಷ ಶಾಲೆಯ ವಾರ್ಷಿಕ ಸಂಚಿಕೆಗೆ ಮತ್ತೆ ಆಕೆಯನ್ನೇ ಕೇಳಿದೆವು. ಈ ಸಲ ಆಕೆ ಒಂದು ಹಾಳೆ ಕಳುಹಿಸಿದಳು. ಪುಟಕ್ಕೆ ಇಷ್ಟು, ಎರಡು ತಿದ್ದುಪಡಿ, ಅರ್ಧ ಮುಂಗಡ, ರಾತ್ರಿ ಎಂಟರ ಬಳಿಕ ಫೋನ್ ಬೇಡ ಎಂದು ಅದರಲ್ಲಿತ್ತು. ಸಮಿತಿಯಲ್ಲಿ ಒಬ್ಬರು, "ಹುಡುಗಿ ಭಾರೀ ಜೋರಾಗಿದ್ದಾಳಲ್ಲ!" ಎಂದರು. ನಾನು ಹಾಳೆಯ ಕೆಳಗೆ ಸಹಿ ಹಾಕಿ ಖಜಾಂಚಿಯವರ ಕೈಗೆ ಕೊಟ್ಟೆ.

ನಿಮ್ಮ ಮನೆಯಲ್ಲೋ ಸಂಸ್ಥೆಯಲ್ಲೋ ಯಾರದಾದರೂ ಇಂಥ ಹಣ ಬಾಕಿ ಇದೆಯೇ? ಅವರು ಕೇಳುವುದಿಲ್ಲ. ಈ ಪುಟವನ್ನು ಮಡಚಿಡುವ ಮೊದಲು ಒಮ್ಮೆ ನೆನಪಿಸಿಕೊಂಡು ನೋಡಿ.